ಎರಡನೇ ಎದೆ

ನಲವತ್ತೇಳನೇ ನಂಬರಿನ ಮಗು ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಒಂದು ವರ್ಷದಿಂದ ಕಂಡಕಂಡವರೆಲ್ಲ ಇದೇ ಮಾತು ಹೇಳಿ ನನ್ನ ತಲೆ ತಿಂದಿದ್ದಾರೆ. ಕೆಲಸದಲ್ಲಿ ನನ್ನ ಮೇಲಿರುವ ದೊಡ್ಡಕ್ಕ ಹೇಳಿದರು, ಜೊತೆಯ ನರ್ಸುಗಳು ಹೇಳಿದರು, ಕೊನೆಗೆ ನಾನೇ ಹೆತ್ತ ಮಗಳೂ ಹೇಳಿದಳು. ನನಗೇನು ಅಷ್ಟೂ ತಿಳಿಯುವುದಿಲ್ಲವೇ?

ನಾನು ನರ್ಸ್. ಇಪ್ಪತ್ತು ವರ್ಷ ವಾರ್ಡುಗಳಲ್ಲಿ ದುಡಿದು, ಈಗ ಮೂರು ವರ್ಷದಿಂದ ಸಂಶೋಧನೆಯ ತಂಡದಲ್ಲಿದ್ದೇನೆ. ಸಂಶೋಧನೆ ಎಂದ ಕೂಡಲೇ ಜನರ ಕಣ್ಣಿಗೆ ಬಿಳಿ ಕೋಟು, ಗಾಜಿನ ನಳಿಕೆ ಬರುತ್ತವೆ. ನಮ್ಮದು ಚಪ್ಪಲಿ ಸವೆಸುವ ಸಂಶೋಧನೆ. ಹೆಗಲಿಗೆ ತೂಕದ ಯಂತ್ರದ ಚೀಲ, ಕಂಕುಳಲ್ಲಿ ಫಾರ್ಮುಗಳ ಕಟ್ಟು. ತಗಡಿನ ಮಾಡಿನ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತ ಓಣಿಗಳಲ್ಲಿ ದಿನಕ್ಕೆ ಏಳೆಂಟು ಬಾಗಿಲು ತಟ್ಟುವುದು, ಕೂಸನ್ನು ತೂಗುವುದು, ಪಾದ ಮುಟ್ಟಿ ನೋಡುವುದು, ಬರೆದುಕೊಳ್ಳುವುದು.

ತಿಂಗಳು ತುಂಬದೆ ಹುಟ್ಟಿದ, ಎರಡು ಕಿಲೋ ಕೂಡ ತೂಗದ ಕೂಸುಗಳನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಬಟ್ಟೆಯಿಂದ ಕಟ್ಟಿದರೆ ಅವು ಬೆಚ್ಚಗಿರುತ್ತವೆ, ಬದುಕುತ್ತವೆ. ಇದು ಎಲ್ಲರಿಗೂ ಗೊತ್ತಿರುವುದೇ, ಇದಕ್ಕೆ ನಾವು ಬೇಕಾಗಿರಲಿಲ್ಲ. ಆದರೆ ಇಲ್ಲದವರ ಮನೆಯ ತಾಯಿ ಎಷ್ಟು ಹೊತ್ತು ಹಾಗೆ ಕಟ್ಟಿಕೊಂಡು ಕೂತಾಳು? ನೀರು ಹಿಡಿಯುವವರು ಯಾರು, ಒಲೆ ಹಚ್ಚುವವರು ಯಾರು? ಆ ಮನೆಯ ಇನ್ನೊಬ್ಬರಿಗೆ, ಅಂದರೆ ಗಂಡನಿಗೋ ಅತ್ತೆಗೋ ತಂಗಿಗೋ, ಕಲಿಸಿಕೊಟ್ಟು ಅವರೂ ಸರದಿಯಂತೆ ಕಟ್ಟಿಕೊಂಡರೆ ಕೂಸು ಇನ್ನೂ ಚೆನ್ನಾಗಿ ಮೈತುಂಬಿಕೊಳ್ಳುತ್ತದೆಯೇ? ಇದು ನಮ್ಮ ಪ್ರಶ್ನೆ. ಆ ಇನ್ನೊಬ್ಬರಿಗೆ ನಾವು ಇಟ್ಟ ಹೆಸರು 'ಎರಡನೇ ಎದೆ'.

ಯಾವ ಕೂಸು ಯಾವ ಗುಂಪಿಗೆ ಎನ್ನುವುದು ನಮ್ಮ ಕೈಯಲ್ಲಿರಲಿಲ್ಲ. ಅಂಟು ಹಾಕಿದ ಲಕೋಟೆಯನ್ನು ತಾಯಿಯ ಮುಂದೆಯೇ ಒಡೆಯಬೇಕು. ಒಳಗಿನ ಚೀಟಿಯಲ್ಲಿ 'ತಾಯಿ ಮಾತ್ರ' ಎಂದಿರುತ್ತದೆ, ಇಲ್ಲವೇ 'ತಾಯಿ ಮತ್ತು ಎರಡನೇ ಎದೆ'. ನಲವತ್ತೇಳರ ಚೀಟಿಯಲ್ಲಿ 'ತಾಯಿ ಮಾತ್ರ' ಎಂದು ಬಂತು.

ಒಂದು ಸಾವಿರದ ಆರುನೂರ ಎಂಬತ್ತು ಗ್ರಾಂ. ಹೆಣ್ಣು. ಅಷ್ಟು ಚಿಕ್ಕ ಮೂತಿಯಲ್ಲಿ ಅಷ್ಟು ದೊಡ್ಡ ಸಿಡುಕನ್ನು ನಾನು ಕಂಡಿರಲಿಲ್ಲ. ತೂಕಕ್ಕೆ ಇಟ್ಟರೆ ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ಬೈದಂತೆ ನೋಡುತ್ತಿತ್ತು. ಮನೆಯವರು ಪುಟ್ಟಿ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ 'ಚೂರು' ಎಂದು ಕರೆದೆ. ನಂಬರ್ ಇರುವ ಮಗುವಿಗೆ ಹೆಸರಿಡಬಾರದು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಹೇಳಿಕೊಡುವವರು ತಾವೇ ಇಟ್ಟಿರುತ್ತಾರೆ, ಅದು ಬೇರೆ ಮಾತು.

ಮನೆ ಎಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಮಂಚ, ಮೂಲೆಯಲ್ಲಿ ಒಲೆ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಚೀಲಗಳು. ಕೂಸಿನ ಅಪ್ಪ ಲಾರಿ ಓಡಿಸುವವನು, ಹೋದರೆ ಮೂರು ವಾರ ಪತ್ತೆಯಿಲ್ಲ. ತಾಯಿ ಇಪ್ಪತ್ತೆರಡರ ಹುಡುಗಿ. ಅವಳ ಅತ್ತೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವರು. ಬೆಳಗಿನ ಆರಕ್ಕೆ ಹೋದರೆ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತಿದ್ದರು, ಮೈಯೆಲ್ಲ ಸೋಪಿನ ವಾಸನೆ.

ಮನೆಗೆ ಬಂದ ಐದನೇ ದಿನ ತಾಯಿಗೆ ಚಳಿಜ್ವರ ಹತ್ತಿತು. ಬಾಣಂತಿ ನಂಜು. ನಾನೇ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದೆ. ಜ್ವರದವರ ವಾರ್ಡಿಗೆ ಎಳೆಗೂಸನ್ನು ಬಿಡುವುದಿಲ್ಲ, ಕೂಸುಗಳ ವಾರ್ಡಿನಲ್ಲಿ ಕಾವು ಕೊಡುವ ಒಂದೇ ಗಾಜಿನ ಪೆಟ್ಟಿಗೆಗೆ ಎರಡೆರಡು ಕೂಸು. ಕೂಸು ಮನೆಯಲ್ಲಿ ಉಳಿಯಿತು. ತಾಯಿಯ ಹಾಲನ್ನು ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ತಂದು, ಒಳಲೆಯಲ್ಲಿ ಕುಡಿಸುವುದು ಎಂದಾಯಿತು.

"ಬೆಳಿಗ್ಗೆ ಯಾರು ನೋಡ್ಕೋತಾರೆ ಸಿಸ್ಟರಮ್ಮ? ರಜಾ ಅಂದ್ರೆ ನಮ್ಮ ಯಜಮಾನ್ರು ನಾಳೆಯಿಂದ ಬರ್ಲೇಬೇಡ ಅಂತಾರೆ," ಎಂದರು ಅತ್ತೆ.

"ನಾನಿದೀನಲ್ಲ," ಎಂದೆ. ಬಾಯಿಂದ ಹಾಗೆಯೇ ಬಂದುಬಿಟ್ಟಿತು.

ಮರುದಿನ ಎಂಟಕ್ಕೆ ಹೋದೆ. ಪಕ್ಕದ ಮನೆಯಾಕೆ ಕಾವಲಿದ್ದಳು, ಅವಳನ್ನು ಕಳಿಸಿದೆ. ಬಾಗಿಲು ಹಾಕಿ, ಕುಪ್ಪಸ ಬಿಚ್ಚಿ, ಚೂರುವನ್ನು ಎದೆಯ ನಡುವೆ ನೆಟ್ಟಗೆ ಇಟ್ಟುಕೊಂಡು, ಬಟ್ಟೆ ಸುತ್ತಿ, ಗಂಟು ಹಾಕಿಕೊಂಡೆ. ನೂರಾರು ತಾಯಂದಿರಿಗೆ ಆ ಗಂಟು ಹಾಕಿಕೊಟ್ಟಿದ್ದೆ, ನನ್ನ ಮೈಗೆ ಹಾಕಿಕೊಂಡದ್ದು ಅದೇ ಮೊದಲು. ಅವಳು ಸ್ವಲ್ಪ ಹೊತ್ತು ಮಿಸುಕಾಡಿ, ಒಂದು ಕೆನ್ನೆಯನ್ನು ನನ್ನ ಎದೆಮೂಳೆಗೆ ಒತ್ತಿ, ಉಸಿರು ಬಿಟ್ಟು ಮಲಗಿದಳು. ಆ ಉಸಿರು ಗಂಟಲ ಕೆಳಗೆ ತಾಗುತ್ತಿತ್ತು. ನಾನು ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಹತ್ತೊಂಬತ್ತು ವರ್ಷದಿಂದ ಬರಬೇಕಾಗಿದ್ದ ಅಳು ಅದು, ದಾರಿ ಸಿಕ್ಕಿರಲಿಲ್ಲ.

ನನ್ನ ಮಗಳೂ ಹೀಗೆಯೇ ತಿಂಗಳು ತುಂಬದೆ ಹುಟ್ಟಿದವಳು. ಆಗ ಇದೆಲ್ಲ ಇರಲಿಲ್ಲ. ಇಪ್ಪತ್ತಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ನರ್ಸ್ ನಾನು, ಆದರೂ ದಿನಕ್ಕೆ ಎರಡು ಸಲ ಕಿಟಕಿಯಾಚೆ ನಿಂತು ನೋಡಿ ಬರಬೇಕಿತ್ತು. ಮುಟ್ಟಿದರೆ ಸೋಂಕು ಎನ್ನುತ್ತಿದ್ದರು. ನಾನೂ ಬೇರೆ ತಾಯಂದಿರಿಗೆ ಹಾಗೆಯೇ ಹೇಳಿದ್ದೆ, ಯಾವ ಬಾಯಲ್ಲಿ ಜಗಳವಾಡಲಿ? ಮಗಳು ಬದುಕಿದಳು, ಬೆಳೆದಳು, ಈಗ ಲಿಫ್ಟ್ ರಿಪೇರಿಯ ಕೆಲಸ ಕಲಿಯುತ್ತಿದ್ದಾಳೆ, ನನಗಿಂತ ಒಂದು ಗೇಣು ಎತ್ತರ, ತಲೆ ಸವರಲು ಹೋದರೆ ಕೈ ತಳ್ಳುತ್ತಾಳೆ. ಆ ಇಪ್ಪತ್ತಮೂರು ದಿನ ಮಾತ್ರ ನನ್ನ ಮೈಯಲ್ಲಿ ಹಾಗೆಯೇ ಖಾಲಿ ಬಿದ್ದಿವೆ.

ದಿನವೂ ಎಂಟರಿಂದ ಹನ್ನೆರಡರವರೆಗೆ ಕೂತೆ, ಉಳಿದ ಮನೆಗಳನ್ನು ಮಧ್ಯಾಹ್ನದ ಮೇಲೆ ಮುಗಿಸಿದೆ. ಹನ್ನೆರಡಕ್ಕೆ ಗಂಟು ಬಿಚ್ಚಿ, ಕೂಸಿಗೆ ಅಂಗಿ, ಟೊಪ್ಪಿ ತೊಡಿಸಿ, ಎರಡು ಕಂಬಳಿ ಸುತ್ತಿ ಮಲಗಿಸುತ್ತಿದ್ದೆ. ಅತ್ತೆ ಬಂದಾಗ ಮಾಮೂಲಿ ನರ್ಸಿನಂತೆ ಪೆನ್ನು ಹಿಡಿದು ಕೂತಿರುತ್ತಿದ್ದೆ. ಅತ್ತೆಗೆ ಕಟ್ಟಿಕೊಳ್ಳುವುದನ್ನು ಕಲಿಸಲಿಲ್ಲ. ಕಲಿಸಿದರೆ ಚೀಟಿಯ ನಿಯಮ ಮುರಿಯುತ್ತದೆ, 'ತಾಯಿ ಮಾತ್ರ' ಗುಂಪಿನ ಲೆಕ್ಕ ಕೆಡುತ್ತದೆ. ಆದರೆ ನಾನೇ ಕಟ್ಟಿಕೊಂಡರೆ? ಫಾರ್ಮಿನಲ್ಲಿ ತಾಯಿಗೊಂದು ಖಾನೆ ಇದೆ, ಮನೆಯವರಿಗೊಂದು ಖಾನೆ ಇದೆ, ನರ್ಸಿಗೆ ಖಾನೆಯೇ ಇಲ್ಲ. ಖಾನೆ ಇಲ್ಲದ್ದನ್ನು ಬರೆಯುವ ಹಾಗಿಲ್ಲ, ಬರೆಯದೇ ಇದ್ದದ್ದು ನಡೆದೇ ಇಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಎಂಟನೇ ಬೆಳಿಗ್ಗೆ ಹೋದಾಗ ಚೂರು ಅಳುತ್ತಿರಲಿಲ್ಲ. ಪಾದ ಮುಟ್ಟಿದೆ, ತಣ್ಣಗಿತ್ತು. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗಿತ್ತು. ಥರ್ಮಾಮೀಟರು ಮೂವತ್ತೈದು ಪಾಯಿಂಟ್ ನಾಲ್ಕು ತೋರಿಸಿತು. ರಾತ್ರಿ ಗಾಳಿ ಜೋರಾಗಿ ಕಿಟಕಿಯ ರಟ್ಟು ಕಿತ್ತುಹೋಗಿತ್ತಂತೆ. ಅತ್ತೆ ಇನ್ನೂ ಒಂದು ಕಂಬಳಿ ಹೊದಿಸಿದ್ದರು, ಅವರಿಗೆ ತಿಳಿದಷ್ಟು ಅವರು ಮಾಡಿದ್ದರು. ನಾನು ಎದೆಗೆ ಹಾಕಿಕೊಂಡು, ಬೆನ್ನು ಉಜ್ಜುತ್ತಾ, ಹನಿಹನಿ ಹಾಲು ಕುಡಿಸುತ್ತಾ, ಕಂಡ ದೇವರಿಗೆಲ್ಲ ಗೋಗರೆದೆ. ಮೈ ಬಿಸಿಯೇರಿ, ಅವಳು ಹುಬ್ಬು ಗಂಟಿಕ್ಕಿ ನನ್ನನ್ನು ಬೈದಂತೆ ನೋಡಲು ಒಂದೂವರೆ ಗಂಟೆ ಬೇಕಾಯಿತು. ಅಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು.

ಅಲ್ಲಿಂದಲೇ ದೊಡ್ಡಕ್ಕನಿಗೆ ಫೋನ್ ಮಾಡಿದೆ. ದೊಡ್ಡಕ್ಕ ನಮ್ಮ ತಂಡದ ಮುಖ್ಯಸ್ಥೆ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವರು, ಗತ್ತಿನಲ್ಲಿ ನಮ್ಮೆಲ್ಲರ ಅಜ್ಜಿ. ಕಾಲು ಗಂಟೆಯಲ್ಲಿ ಬಂದರು. ಕೂಸನ್ನು ನೋಡಿದರು, ನನ್ನ ಎದೆಯ ಗಂಟನ್ನು ನೋಡಿದರು, ಮಂಚದ ತುದಿಯಲ್ಲಿ ಕೂತರು. ನಾನೇ ಎಲ್ಲವನ್ನೂ ಒದರಿದೆ.

"ದಿನಕ್ಕೆ ನಾಲ್ಕು ಗಂಟೆ ನಿಮ್ಮ ಎದೆ ಮೇಲೆ," ಎಂದರು ದೊಡ್ಡಕ್ಕ. "ಉಳಿದ ಇಪ್ಪತ್ತು ಗಂಟೆ?"

ನಾನು ಕೂಸಿನ ಟೊಪ್ಪಿ ಸರಿಮಾಡಿದೆ.

"ಅತ್ತೆಗೆ ಯಾಕೆ ಕಲಿಸ್ಲಿಲ್ಲ ಸಿಸ್ಟರ್?"

"ಚೀಟೀಲಿ ತಾಯಿ ಮಾತ್ರ ಅಂತ..."

"ತಾಯಿಗೆ ಹುಷಾರಿಲ್ದಿದ್ರೆ ಚೀಟೀಲಿ ಏನೇ ಇರ್ಲಿ, ಮನೆಯವರಿಗೆ ಕಲಿಸ್ಲೇಬೇಕು ಅಂತ ನಿಯಮದ ಪುಸ್ತಕದಲ್ಲಿ ಬರ್ದಿದೆ. ದಪ್ಪಕ್ಷರದಲ್ಲಿ. ನೀವು ಓದಿಲ್ವಾ?"

"ನೆನಪಾಗ್ಲಿಲ್ಲ," ಎಂದೆ.

ಅದು ಸುಳ್ಳು. ನೆನಪಿತ್ತು. ಆ ಪುಟವನ್ನು ತರಬೇತಿಗೆ ಬಂದ ಹೊಸ ನರ್ಸುಗಳಿಗೆ ಓದಿ ಹೇಳಿದವಳೇ ನಾನು. ನೆನಪಾದಾಗಲೆಲ್ಲ ಅದನ್ನು ಪಕ್ಕಕ್ಕೆ ಸರಿಸಿದೆ, ಯಾಕೆಂದರೆ ಅತ್ತೆ ಕಲಿತರೆ ನಾನು ಎದ್ದು ಹೋಗಬೇಕಿತ್ತು. ನನಗೆ ಅವಳು ಬೇಕಾಗಿದ್ದಳು. ಲೆಕ್ಕ, ಗುಂಪು, ಖಾನೆ ಎಲ್ಲ ಆ ಆಸೆಗೆ ಹೊದಿಸಿದ ಕಂಬಳಿ. ನನ್ನ ಬಯಕೆ ಒಂದು ಕೂಸಿನ ಜೀವಕ್ಕೇ ಕುತ್ತು ತರಬಹುದಿತ್ತು ಎಂಬುದನ್ನು ಇವತ್ತಿಗೂ ನಾನು ಬಾಯಿಬಿಟ್ಟು ಯಾರ ಬಳಿಯೂ ಹೇಳಿಲ್ಲ. ದೊಡ್ಡಕ್ಕನಿಗೆ ಹೇಳುವ ಅಗತ್ಯವೂ ಇರಲಿಲ್ಲ. ಅವರು ನನ್ನ ಮುಖವನ್ನೇ ಓದಿಕೊಂಡರು.

ಹನ್ನೆರಡೂವರೆಗೆ ಅತ್ತೆ ಬಂದರು. ದೊಡ್ಡಕ್ಕ ತಾವೇ ಅವರನ್ನು ಕೂರಿಸಿ, ಗಂಟು ಹಾಕುವುದನ್ನು ಕಲಿಸಿದರು. "ಇಷ್ಟೇನಾ? ಇದನ್ನ ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದರು ಅತ್ತೆ, ನನ್ನನ್ನು ನೋಡುತ್ತಾ. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ದಿನ ಬಿಟ್ಟು ತಾಯಿಯೂ ಮನೆಗೆ ಬಂದಳು. ನನ್ನನ್ನು ಊರಿನ ಇನ್ನೊಂದು ತುದಿಯ ಓಣಿಗಳಿಗೆ ಹಾಕಿದರು. "ಆ ಮನೆ ಕಡೆ ಹೋಗ್ಬೇಡಿ. ಅದು ನಿಮ್ಮ ಮಗು ಅಲ್ಲ," ಎಂದರು ದೊಡ್ಡಕ್ಕ.

ಹೋಗಲಿಲ್ಲ. ಆದರೆ ಕಣ್ಣಿಗೆ ಬೀಗ ಹಾಕುವವರು ಯಾರು? ಕಚೇರಿಯ ಗೋಡೆಗೆ ಪ್ರತಿ ಸೋಮವಾರ ತೂಕದ ಪಟ್ಟಿ ಅಂಟಿಸುತ್ತಿದ್ದರು. ಚೀಲ ಇಳಿಸುವ ಮುಂಚೆ ನಲವತ್ತೇಳರ ಸಾಲಿಗೆ ಬೆರಳಿಟ್ಟು ನೋಡುತ್ತಿದ್ದೆ. ಎರಡು ಸಾವಿರದ ನೂರು. ಎರಡು ಸಾವಿರದ ಆರುನೂರ ಐವತ್ತು. ಮೂರು ಸಾವಿರದ ನಲವತ್ತು. ಒಮ್ಮೆ ಅಂಗಡಿಯಲ್ಲಿ ಮೂರು ಕಿಲೋ ಹಿಟ್ಟಿನ ಚೀಲ ತೆಗೆದುಕೊಂಡು, ಯಾರೂ ನೋಡುತ್ತಿಲ್ಲವೆಂದು ಎದೆಗೊತ್ತಿಕೊಂಡೆ. ಈಗ ಇಷ್ಟು ಭಾರ ಇರುತ್ತಾಳೆ, ಗಲ್ಲ ಇಲ್ಲಿಗೆ ಬರುತ್ತದೆ ಎಂದುಕೊಂಡೆ.

"ಚೀಲ ಹರಿದಿದ್ಯಾ ಅಮ್ಮಾ? ಬೇರೆ ಕೊಡ್ಲಾ?" ಎಂದು ಅಂಗಡಿಯವನು ಕೇಳಿದ.

"ಇಲ್ಲ, ಇದೇ ಇರ್ಲಿ," ಎಂದೆ. ಮನೆಯಲ್ಲಿ ಮೊದಲೇ ಎರಡು ಚೀಲ ಹಿಟ್ಟಿತ್ತು.

ಮೂರನೆಯ ಚೀಲ ಕಂಡು ಮಗಳು ಬಾಯಿಬಿಡಿಸಿದಳು. ಕೇಳಿ ಮುಗಿಸಿ, ಕೈಗಂಟಿದ ಗ್ರೀಸನ್ನು ಒರೆಸುತ್ತಾ, "ನಂಗೇ ನೆನಪಿಲ್ಲದ ಇಪ್ಪತ್ಮೂರು ದಿನಕ್ಕೆ ನೀನ್ಯಾಕಮ್ಮ ಇನ್ನೂ ಕೊರಗ್ತೀಯ? ನಂಗೇನು ಕಮ್ಮಿ ಆಗಿದೆ ಹೇಳು?" ಎಂದಳು.

"ನಿಂಗೇನೂ ಕಮ್ಮಿ ಆಗಿಲ್ಲ. ನಂಗೆ ಆಗಿದೆ."

ಅವಳು ಬಂದು ಪಕ್ಕದಲ್ಲಿ ಕೂತು, ಭುಜಕ್ಕೆ ತಲೆ ಇಟ್ಟಳು. ಹಾಗೆ ಇಟ್ಟು ಆರು ವರ್ಷವಾಗಿತ್ತು. ನಾನು ಅಲುಗಾಡದೆ ಕೂತೆ. ನೆಮ್ಮದಿಯಾಯಿತು, ಇಲ್ಲವೆನ್ನುವುದಿಲ್ಲ. ಆದರೂ ಆ ಹೊತ್ತಿನಲ್ಲೇ ನನ್ನ ಮನಸ್ಸು, ಪಾಪಿ ಮನಸ್ಸು, ಗಂಟಲ ಕೆಳಗೆ ತಾಗುತ್ತಿದ್ದ ಆ ಪುಟ್ಟ ಉಸಿರನ್ನು ಹುಡುಕುತ್ತಿತ್ತು.

ಐದು ತಿಂಗಳಿಗೆ ವಾರದ ಭೇಟಿಗಳು ಮುಗಿದವು, ಪಟ್ಟಿಯೂ ನಿಂತಿತು. ಆಮೇಲೆ ಕೂಸಿಗೆ ಒಂದು ವರ್ಷ ತುಂಬಿದಾಗ ಒಂದು ಕೊನೆಯ ತಪಾಸಣೆ. ನಲವತ್ತೇಳನ್ನು ನನ್ನಿಂದಾಗಿ ಪಟ್ಟಿಯಿಂದ ಹೊಡೆದುಹಾಕುತ್ತಾರೆ ಎಂದು ಹೆದರಿದ್ದೆ. ಹಾಗೇನೂ ಆಗಲಿಲ್ಲ. "ಲಕೋಟೆ ಒಡೆದ ಮೇಲೆ ಮಗು ಲೆಕ್ಕದಿಂದ ಹೊರಗೆ ಹೋಗಲ್ಲ. ಯಾರು ಏನೇ ಎಡವಟ್ಟು ಮಾಡಿರ್ಲಿ, ಆ ಎಡವಟ್ಟನ್ನೂ ಬರ್ದು ಕೊನೇವರೆಗೂ ನೋಡ್ಬೇಕು," ಎಂದಿದ್ದರು ದೊಡ್ಡಕ್ಕ.

ಒಂದು ವರ್ಷದ ತಪಾಸಣೆಯಲ್ಲಿ ತೂಕ, ಎತ್ತರ, ತಲೆಸುತ್ತಳತೆಯ ಜೊತೆಗೆ ಇನ್ನೊಂದು ಇದೆ. ಗುರುತಿಲ್ಲದವರೊಬ್ಬರು ಒಳಗೆ ಬಂದಾಗ ಮಗು ಏನು ಮಾಡುತ್ತದೆ ಎಂದು ನೋಡುವುದು. ಸರಿಯಾಗಿ ಬೆಳೆದ ಮಗು ಆ ವಯಸ್ಸಿಗೆ ತನ್ನವರು ಯಾರು, ಹೊರಗಿನವರು ಯಾರು ಎಂದು ಬೇರೆಮಾಡಿಕೊಂಡಿರುತ್ತದೆ. ಹೆದರಿ ತನ್ನವರ ಕಡೆಗೆ ಓಡುತ್ತದೆ. ಓಡಿದರೆ ಫಾರ್ಮಿನಲ್ಲಿ 'ಹೌದು'. ಬರೆಯುವ ನರ್ಸು ಒಬ್ಬಳು, ಹೊರಗಿನವರಾಗಿ ಹೋಗಲು ಮಗು ಕಂಡರಿಯದ ಇನ್ನೊಬ್ಬಳು. ಆ ಓಣಿಗೆ ನನ್ನ ನಂತರ ಹೋಗುತ್ತಿದ್ದವಳನ್ನು ನಾವು 'ಗಡಿಯಾರ' ಎನ್ನುತ್ತೇವೆ, ನಿಮಿಷ ತಪ್ಪದ ಹುಡುಗಿ. ಮನೆಯವರಿಗೂ ಮಗುವಿಗೂ ಅವಳ ಬಳಕೆ ಚೆನ್ನಾಗಿತ್ತು.

"ನಲವತ್ತೇಳಕ್ಕೆ ಹೊರಗಿನವರು ಬೇಕು," ಎಂದರು ದೊಡ್ಡಕ್ಕ, ಕಾಗದದಿಂದ ತಲೆ ಎತ್ತದೆ. "ನೀವು ಹೋಗಿ."

ನನಗೆ ಕಿವಿ ನಂಬಲಾಗಲಿಲ್ಲ. "ನಾನು ಹೊರಗಿನವಳಲ್ಲ," ಎಂದೆ.

"ನಿಮಗೆ ಅವಳು ಹೊರಗಿನವಳಲ್ಲ ಸಿಸ್ಟರ್. ಅವಳಿಗೆ ನೀವು?"

ಅದು ಕರುಣೆಯೋ ಶಿಕ್ಷೆಯೋ ನನಗೆ ಗೊತ್ತಾಗಲಿಲ್ಲ. ಬೇರೆ ಯಾರನ್ನಾದರೂ ಕಳಿಸಿ ಎನ್ನಬಹುದಿತ್ತು. ಆದರೆ ನೋಡಬೇಕಲ್ಲ! ಒಪ್ಪಿಕೊಂಡೆ. ಒಳಗೊಳಗೇ ಒಂದು ಕಳ್ಳ ಆಸೆ ಇಟ್ಟುಕೊಂಡೇ ಒಪ್ಪಿಕೊಂಡೆ. ಅವಳು ನನ್ನನ್ನು ಕಂಡು ಅಳದಿದ್ದರೆ? ಎಂಟು ದಿನ ಮೈಗೆ ಮೈ ಹಚ್ಚಿದ್ದರ ನೆನಪು ಎಲ್ಲೋ ಚರ್ಮದಲ್ಲಿ ಉಳಿದಿದ್ದು, ಅವಳು ನನ್ನ ಕಡೆಗೆ ಬಂದರೆ? ಹಾಗಾಗುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಆಗಲಿ, ಪುಸ್ತಕ ಬರೆದವರು ಅವಳನ್ನು ಕಟ್ಟಿಕೊಂಡಿರಲಿಲ್ಲವಲ್ಲ.

ಗಡಿಯಾರ ದಾರಿಯುದ್ದಕ್ಕೂ ನಿಯಮ ಒಪ್ಪಿಸಿದಳು. "ಸುಮ್ನೆ ಹೋಗಿ ಕುರ್ಚೀಲಿ ಕೂರ್ಬೇಕು ಸಿಸ್ಟರ್. ಎರಡು ನಿಮಿಷ ಮಾತಿಲ್ಲ, ನಗೋ ಹಾಗಿಲ್ಲ. ಆಮೇಲೆ ಒಂದ್ಸಲ ಕೈ ಚಾಚಿ. ಒಂದೇ ಸಲ. ಆಮೇಲೆ ನಾನು ಹೇಳಿದಾಗ ಎದ್ದು ಹೊರಗೆ ಹೋಗ್ಬಿಡಿ."

"ನಿನ್ನಜ್ಜಿಗೆ ನಿಯಮ ಕಲಿಸ್ಬೇಡ ಕಣೆ," ಎಂದೆ.

ಗಡಿಯಾರ ಮೊದಲು ಹೋಗಿ ತೂಗಿ, ಅಳೆದು, ಬರೆದುಕೊಂಡಳು. ಎಂಟು ಕಿಲೋ ನೂರು ಎಂದು ಅವಳು ಕೂಗಿ ಹೇಳಿದ್ದು ಹೊರಗೆ ಕೇಳಿತು. ಆಮೇಲೆ ನನ್ನನ್ನು ಕರೆದಳು. ನಾನು ಹೋಗಿ ಕುರ್ಚಿಯಲ್ಲಿ ಕೂತೆ.

ಅವಳು ಮಂಚದ ಅಂಚು ಹಿಡಿದು ನಿಂತಿದ್ದಳು. ನಿಂತಿದ್ದಳು! ಮಣಿಕಟ್ಟಿನಲ್ಲಿ ಮಡಿಕೆ ಬೀಳುವಷ್ಟು ಮೈ, ಕೆಳಗೆ ಎರಡು ಹಲ್ಲು, ಜೊಲ್ಲಿನಲ್ಲಿ ನೆನೆದ ಅಂಗಿ. ನನ್ನನ್ನು ಕಂಡಳು, ಹುಬ್ಬು ಗಂಟಿಕ್ಕಿದಳು. ಅದೇ ಸಿಡುಕು. ನಗಬಾರದು, ನಾನು ಹಲ್ಲು ಕಚ್ಚಿ ಕೂತೆ. ಒಲೆಯ ಬಳಿ ತಾಯಿ, ಮಂಚದ ಮೇಲೆ ಅತ್ತೆ. ಇಬ್ಬರಿಗೂ ಸುಮ್ಮನಿರಲು ಗಡಿಯಾರ ಹೇಳಿದ್ದಳು. ಚೂರು ಕಣ್ಣು ಕೀಳದೆ ನೋಡಿದಳು. ಮಂಚ ಹಿಡಿದುಕೊಂಡೇ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಳು, ನನ್ನ ಕಡೆಗೆ. ಇನ್ನೊಂದು ಹೆಜ್ಜೆ. ಬಾ, ಬಾ ಎಂದು ಮನಸ್ಸಿನಲ್ಲೇ ಕರೆದೆ.

ಗಡಿಯಾರ ತಲೆಯಾಡಿಸಿದಳು. ಎರಡು ನಿಮಿಷ ಆಗಿತ್ತು.

ನಾನು ಕೈ ಚಾಚಿದೆ. ನಿಯಮ ಹೇಳಿದ ಕೆಲಸವನ್ನು ಇಷ್ಟು ಮನಸಾರೆ ನಾನು ಜೀವನದಲ್ಲಿ ಮಾಡಿರಲಿಲ್ಲ.

ಅವಳ ಕೆಳತುಟಿ ಹೊರಕ್ಕೆ ಬಂತು, ಅದುರಿತು. ಮಾಡು ಹಾರಿಹೋಗುವಂತೆ ಚೀರಿದಳು. ತಿರುಗಿ, ಧೊಪ್ಪೆಂದು ಕೂತು, ಅಂಬೆಗಾಲಿನಲ್ಲಿ ಓಡಿ, ಕೆಳಗೆ ಬಾಗಿದ ಅತ್ತೆಯ ಕೈಗಳೊಳಗೆ ಹತ್ತಿಕೊಂಡು ಅವರ ಎದೆಯಲ್ಲಿ ಮುಖ ಹುದುಗಿಸಿದಳು. ಎರಡೂ ಮುಷ್ಟಿಯಲ್ಲಿ ಅವರ ಕುಪ್ಪಸ ಹಿಡಿದುಕೊಂಡಿದ್ದಳು.

"ಅಯ್ಯೋ, ಯಾಕೆ ಕಂದ? ನಮ್ಮ ಸಿಸ್ಟರಮ್ಮ ಕಣೆ," ಎಂದರು ಅತ್ತೆ, ಬೆನ್ನು ಸವರುತ್ತಾ. "ನಿನ್ನ ಬೆಳಗೆಲ್ಲ ಕಾಯ್ಕೊಂಡು ಕೂತಿರ್ತಿದ್ರು. ನೋಡಿಲ್ಲಿ."

"ನನ್ನ ಹತ್ರಾನೂ ಬರಲ್ಲ ಸಿಸ್ಟರ್," ತಾಯಿ ನಕ್ಕಳು. "ಹೆದರಿಕೆ ಆದ್ರೆ ಅಜ್ಜೀನೇ ಬೇಕು. ನೀವು ಬೇಜಾರು ಮಾಡ್ಕೋಬೇಡಿ."

ಗಡಿಯಾರ 'ಹೌದು' ಎಂಬಲ್ಲಿ ಗುರುತು ಹಾಕಿದಳು. "ಎಷ್ಟು ಚೆನ್ನಾಗಿ ಬಂತು ನೋಡಿ ಸಿಸ್ಟರ್!" ಎಂದಳು, ಪಾಪ, ಖುಷಿಯಿಂದಲೇ. ನನಗೂ ಖುಷಿಯಾಗಿತ್ತು. ಸುಳ್ಳಲ್ಲ. ಆ ಅಳುವಿಗಾಗಿ ತಾನೇ ನಾವೆಲ್ಲ ಚಪ್ಪಲಿ ಸವೆಸಿದ್ದು. ಇನ್ನೊಂದು ಸಲ ಕೈ ಚಾಚಲೇ ಎಂದು ತೋಳುಗಳು ಕೇಳಿದವು. ಅವನ್ನು ತೊಡೆಯ ಮೇಲೆಯೇ ಒತ್ತಿ ಹಿಡಿದೆ.

"ಈಗ ಹೊರಗೆ ಹೋಗಿ ಸಿಸ್ಟರ್," ಎಂದಳು ಗಡಿಯಾರ. ತನ್ನವರ ತೋಳಿನಲ್ಲಿ ಮಗು ಎಷ್ಟು ಬೇಗ ಸಮಾಧಾನವಾಗುತ್ತದೆ ಎನ್ನುವುದು ಫಾರ್ಮಿನ ಕೊನೆಯ ಸಾಲು. ಅದನ್ನು ನೋಡಲು ಹೊರಗಿನವರು ಹೊರಗೆ ಹೋಗಬೇಕು.

ಹೋದೆ. ಬಾಗಿಲು ಹಿಂದೆ ಮುಚ್ಚಿತು. ಓಣಿಯಲ್ಲಿ ಬಿಸಿಲಿತ್ತು. ನಾನು ಕದಕ್ಕೆ ಬೆನ್ನು ಕೊಟ್ಟು ನಿಂತು, ಒಳಗಿನ ಅಳುವನ್ನು ಕೇಳಿಸಿಕೊಂಡೆ. ಇಡೀ ಕೋಣೆಯಲ್ಲಿ ಅವಳು ಅಳುತ್ತಿದ್ದದ್ದು ನನ್ನೊಬ್ಬಳಿಗಾಗಿ, ನನ್ನ ದೆಸೆಯಿಂದ. ಇನ್ನೂ ಒಂದು ಗಳಿಗೆ ಅಳಲಿ ಎಂದು ಆಸೆಪಟ್ಟೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಆಸೆಪಟ್ಟೆ. ಅದು ನಿಂತರೆ ಅವಳಿಗೂ ನನಗೂ ನಡುವೆ ಏನೂ ಉಳಿಯುತ್ತಿರಲಿಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಅದು ನಿಂತಿತು.